ಪೇಟೆಯಲ್ಲಿ ಗಿಡ ಹಚ್ಚುವ ನೌಕರಿ

ಗಿಡ ಹಚ್ಚುವವನ ಕೈಗೆ ಮಣ್ಣು ಹತ್ತುವುದು ಸಹಜ. ನನ್ನ ಕೈಗೆ ಮಣ್ಣಿನ ಜೊತೆಗೆ ಫಜೀತಿಗಳೂ ಹತ್ತುತ್ತ ಬಂದವು. ಒಂದನ್ನು ತೊಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಹತ್ತುತ್ತಿತ್ತು.

ನಾನು ಸಾಮಾಜಿಕ ಅರಣ್ಯ ವಿಭಾಗದಲ್ಲಿ ಫಾರೆಸ್ಟರ್ ಆಗಿದ್ದೆ. ಫಾರೆಸ್ಟರ್ ಎಂದರೆ ಜನ ಹುಲಿ, ಬಂದೂಕು, ಜೀಪು ಎಂದುಕೊಳ್ಳುತ್ತಾರೆ. ನನಗೆ ಸಿಕ್ಕದ್ದು ಸವದತ್ತಿ, ರಾಮದುರ್ಗ, ಕಿತ್ತೂರು, ಬೈಲಹೊಂಗಲ ಕಡೆಯ ಪೇಟೆಗಳು, ಒಂದು ಸೈಕಲ್ಲು, ಒಂದು ಸಲಿಕೆ. ಓಣಿ, ರಸ್ತೆ, ಸಾಲಿ ಅಂಗಳ, ಬಸ್ ಸ್ಟ್ಯಾಂಡು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಗಿಡ ಹಚ್ಚಬೇಕು. ಊರು ಬಿಡುವ ಹೊಗೆಯನ್ನು ಊರೊಳಗಿನ ಗಿಡಗಳೇ ಹೀರಿಕೊಳ್ಳಬೇಕು. ಇದು ನನ್ನ ಚಾಕರಿ. ತೊಂಬತ್ತರ ದಶಕದ ಆರಂಭದಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಮಾವನವರು ಬೀಗರ ಮುಂದೆಲ್ಲ ಹೇಳುತ್ತಿದ್ದರು: “ನಮ್ಮ ಅಳಿಯಾರು ಫಾರೆಸ್ಟಿನ್ಯಾಗ ಅದಾರ್ರಿ. ಆದ್ರ ಇನ್ನೂ ಫಾರೆಸ್ಟ್ ನೋಡಿಲ್ಲ.”

ಆ ವರ್ಷಗಳನ್ನು ನೆನೆದರೆ ಈಗ ನಗು ಬರುತ್ತದೆ. ನಗುತ್ತ ನಗುತ್ತ ಮನಸ್ಸು ಮೆತ್ತಗಾಗುತ್ತದೆ. ಗಿಡ ಹಚ್ಚಿದವನು ನಾನು ಎಂದು ಕಾಗದದಲ್ಲಿದೆ. ಬದುಕಿಸಿದ ಜನ ಬೇರೆ, ಅವರ ಹೆಸರು ಯಾವ ಕಾಗದದಲ್ಲೂ ಇಲ್ಲ.

ಮುಸುರೆ ನೀರು

ಸವದತ್ತಿಯ ಏರು ಓಣಿಯೊಂದರಲ್ಲಿ ಬೇವಿನ ಸಸಿ ಹಚ್ಚಿದ್ದೆ. ಬ್ಯಾಸಗಿ ಬಂತು. ವಾರಕ್ಕೆರಡು ಸಲ ಟ್ಯಾಂಕರಿನಲ್ಲಿ ನೀರು ಒಯ್ಯುತ್ತಿದ್ದೆವು. ಟ್ಯಾಂಕರಿನ ಡ್ರೈವರ್ ಒಬ್ಬ ಹಿರಿಯ ಮುಸ್ಲಿಂ ಮನುಷ್ಯ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಗಾಡಿ ಓಣಿಗೆ ತಿರುಗಿದ್ದೇ ತಡ, ಹೆಣ್ಣುಮಕ್ಕಳು ಕೊಡ ಹಿಡಿದು ಎರಡೂ ಬದಿಗೆ ಸಾಲಾಗಿ ನಿಂತುಬಿಡುತ್ತಿದ್ದರು.

“ಅಕ್ಕಾರ, ಇದು ಗಿಡದ ನೀರ್ರಿ,” ಎಂದೆ.

“ನಳ ಬಂದು ಎಂಟು ದಿನ ಆತು. ಗಿಡಕ್ಕೇನು ಭಾಂಡೆ ತೊಳಿಯೂದೈತೇನ್ರಿ?” ಎಂದಳು ಮುಂದೆ ನಿಂತವಳು.

ಚಾಚಾ ಗಾಡಿಯಿಂದ ತಲೆ ಹೊರಗೆ ಹಾಕಿದರು. “ಸಾಹೇಬ್ರ, ಮೊದಲ ಗಿಡಾನ ಕುಡೀಬೇಕಂತ ಎಲ್ಲಿ ಬರದೈತಿ? ಮೊದಲ ಅಕ್ಕಾರು ಭಾಂಡೆ ತೊಳಕೊಳ್ಳಲಿ, ಆಮ್ಯಾಲ ಗಿಡ ಕುಡೀಲಿ. ನೀರಿಗೇನು ಸಿಟ್ಟು ಬರೂದಿಲ್ಲ.”

ಹಾಗೇ ಒಪ್ಪಂದವಾಯಿತು. ಒಂದು ಮನೆಗೆ ಒಂದು ಸಸಿ. ನೀರು ತುಂಬಿಕೊಂಡವರು ಅಕ್ಕಿ, ಬೇಳೆ, ಪಾತ್ರೆ ತೊಳೆದ ಮುಸುರೆ ನೀರನ್ನು ತಮ್ಮ ಸಸಿಗೆ ಹಾಕಬೇಕು. ಮರೆತವರಿಗೆ ಮುಂದಿನ ಸಲ ಕೊಡ ತುಂಬುವುದಿಲ್ಲ. ಯಾರು ಮರೆತರು ಎಂದು ನಾನು ನೋಡುವ ಕೆಲಸವೇ ಇರಲಿಲ್ಲ. ಎದುರು ಮನೆಯವರು ನೋಡುತ್ತಿದ್ದರು, ಬೈಯುತ್ತಲೂ ಇದ್ದರು.

ಮಳೆಗಾಲದ ಹೊತ್ತಿಗೆ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಬೇರೆ ಓಣಿಗಳಲ್ಲಿ ಅರ್ಧಕ್ಕರ್ಧ ಸಸಿ ಒಣಗಿದ್ದವು. ಇಲ್ಲಿ ಮಾತ್ರ ಎದೆಮಟ್ಟ ಬೆಳೆದು ನಳನಳಿಸುತ್ತಿದ್ದವು. “ಏನ್ ಗೊಬ್ಬರ ಹಾಕೀರಿ?” ಎಂದು ಕೇಳಿದರು. ಗಿಡದ ನೀರನ್ನು ಮನೆಗಳಿಗೆ ಕೊಟ್ಟೆನೆಂದು ಹೇಳುವ ಧೈರ್ಯ ನನಗಿರಲಿಲ್ಲ.

ಚಾಚಾ ಮುಂದೆ ಬಂದರು. “ಮನಿ ಔಷಧ ಸಾಹೇಬ್ರ. ಅಕ್ಕಿ ತೊಳದ ನೀರು, ಬ್ಯಾಳಿ ತೊಳದ ನೀರು, ಒಂದೀಟು ಬೂದಿ. ಮ್ಯಾಲೆ ಹೆಣ್ಣುಮಕ್ಕಳ ಬೈಗುಳ.”

ಅಧಿಕಾರಿಗಳು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು. ಮುಂದಿನ ತಿಂಗಳು ಎಲ್ಲ ಫಾರೆಸ್ಟರುಗಳಿಗೂ ಸುತ್ತೋಲೆ ಬಂತು: ಸ್ಥಳೀಯವಾಗಿ ತಯಾರಿಸಿದ ದ್ರವ ಗೊಬ್ಬರವನ್ನು ಬಳಸತಕ್ಕದ್ದು. ಬೈಗುಳದ ಪ್ರಮಾಣ ಎಷ್ಟೆಂದು ಮಾತ್ರ ಅದರಲ್ಲಿ ನಮೂದಿಸಿರಲಿಲ್ಲ.

ಬಡಿಗ್ಯಾರ ಪಂಜರ

ಮುನವಳ್ಳಿಯಲ್ಲಿ ನನ್ನ ವೈರಿಗಳೆಂದರೆ ಆಡುಗಳು. ಹಗಲು ಹಚ್ಚಿದ ಸಸಿ ಸಂಜೆಗೆ ಬರೀ ಕಡ್ಡಿ. ಸಸಿಗಳ ಸುತ್ತ ಪಂಜರ ಹಾಕಿಸಲು ನನ್ನ ಬಳಿ ಸಾಮಾನಿರಲಿಲ್ಲ. ಮಂಚ, ಬಾಗಿಲು ಮಾಡುವ ಬಡಿಗರೊಬ್ಬರು ದಿನಾ ಇದನ್ನು ನೋಡುತ್ತಿದ್ದರು. ಒಂದು ದಿನ ಕರೆದರು.

“ನಮ್ಮ ಕಸಬ ಗಿಡದ ಮ್ಯಾಲ ನಿಂತೈತ್ರಿ. ಇಷ್ಟು ವರ್ಷ ಅವನ್ನ ಕೊಯ್ದ ಉಂಡೇನಿ. ನಾಕ ಗಿಡ ಬದುಕಿಸಿದ್ರ ಜೀವಕ್ಕ ಹಗರ ಆಗತೈತಿ. ಪಂಜರ ನಾ ಮಾಡಿಕೊಡತೇನಿ, ಹೋಗ್ರಿ.”

ಅವರ ಅಂಗಡಿಯಲ್ಲಿ ಮಾರಾಟವಾಗದ ಮಂಚದ ಕಾಲುಗಳು ಬಿದ್ದಿದ್ದವು, ಕಡೆದು ನುಣುಪು ಮಾಡಿದಂಥವು. ಅವನ್ನೇ ಕಂಬ ಮಾಡಿ, ಪಟ್ಟಿ ಬಡಿದು, ಮೇಲೆ ಅರಗಿನ ಬಣ್ಣ ಹಚ್ಚಿಬಿಟ್ಟರು. ಅಷ್ಟು ಚೆಂದದ ಪಂಜರ ಯಾವ ಗಿಡಕ್ಕೂ ಯಾವ ಊರಲ್ಲೂ ಇದ್ದಿರಲಾರದು. ಆಡುಗಳು ಸುತ್ತು ಹೊಡೆದು ಹೊಡೆದು ವಾಪಸು ಹೋದವು.

ಎಂಟು ದಿನಕ್ಕೆ ಒಂದು ಪಂಜರ ಮಾಯ. ಸಸಿ ಹಾಗೇ ಇತ್ತು, ಪಂಜರ ಮಾತ್ರ ಇಲ್ಲ. ನಾನೂ ಬಡಿಗರೂ ಹುಡುಕುತ್ತ ಹೊರಟೆವು. ಮೂರು ಮನೆ ಆಚೆ ಬಾಗಿಲು ತೆರೆದಿತ್ತು. ಪಡಸಾಲೆಯ ನಡುವೆ ನಮ್ಮ ಪಂಜರ. ಒಳಗೆ ಹತ್ತು ತಿಂಗಳ ಹೆಣ್ಣು ಕೂಸು ಎರಡೂ ಕೈಯಲ್ಲಿ ಪಟ್ಟಿ ಹಿಡಿದು ನಿಂತು ನಮ್ಮನ್ನು ನೋಡಿ ನಗುತ್ತಿತ್ತು.

“ಏನವಾ ಇದು?” ಎಂದೆ.

ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. “ನಿಮ್ಮ ಗಿಡ ಎಲ್ಲೂ ಹೋಗೂದಿಲ್ಲಲ್ರಿ ಅಣ್ಣಾರ. ಇದು ಹೋಗತೈತಿ!”

ಬಡಿಗರು ನನ್ನ ಕಡೆ ನೋಡಿದರು. ಕೂಸಿನ ಕಡೆ ನೋಡಿದರು. ಅಂಗಡಿಗೆ ಹೋಗಿ ಸಸಿಗೆ ಇನ್ನೊಂದು ಪಂಜರ ಬಡಿದರು. ಈ ಸಲ ಬಣ್ಣ ಹಚ್ಚಲಿಲ್ಲ.

ಗಿಡದ ಊಟ

ರಾಮದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ, ಮಿರ್ಚಿ ಭಜಿ ಮಾಡುವ ಒಬ್ಬ ಮಾಲಕರಿದ್ದರು. ಅವರ ಅಂಗಡಿ ಮುಂದೆ ಸಸಿಗೆ ಗುಂಡಿ ತೋಡಿದಾಗ ಜಗಳಕ್ಕೇ ಬಂದರು. “ಗಿಡ ಬೆಳದ್ರ ನನ್ನ ಬೋರ್ಡ್ ಮುಚ್ಚತೈತಿ. ಗಿರಾಕಿ ಏನ್ ಎಲಿ ನೋಡಿ ಬರತಾರೇನು?”

ನಾನು ತಿಳಿಸಿ ಹೇಳಿದೆ. “ಮಾಲಕ್ರ, ಈ ಬಸ್ಸಿನ ಹೊಗಿ, ನಿಮ್ಮ ಒಲಿ ಹೊಗಿ ಎಲ್ಲಾ ಎಲ್ಲಿ ಹೋಗಬೇಕ್ರಿ? ಗಿಡ ಹೊಗಿ ತಿನ್ನತೈತ್ರಿ. ತಿಂದು ನಮಗ ಚಲೋ ಗಾಳಿ ಕೊಡತೈತಿ.”

“ಹೊಗಿ ತಿನ್ನತೈತಿ?”

“ತಿನ್ನತೈತ್ರಿ.”

ಮಾಲಕರಿಗೆ ಇಡೀ ದಿನ ಒಲೆಯ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಸಾಕಾಗಿತ್ತು. “ಹಂಗಿದ್ರ ಹಚ್ಚರಿ,” ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಎರಡು ಪ್ಲೇಟು ಭಜಿ ತಿಂದೆ.

ಹದಿನೈದು ದಿನ ಬಿಟ್ಟು ಹೋದೆ. ಸಸಿಯ ಎಲೆಯೆಲ್ಲ ಕಪ್ಪಗೆ ಸುಟ್ಟು ಮುರುಟಿವೆ. ನೋಡಿದರೆ, ಅಂಗಡಿಯ ಒಲೆಯಿಂದ ಹೊಸದಾಗಿ ಒಂದು ತಗಡಿನ ಕೊಳವೆ ಹೊರಗೆ ಬಂದಿದೆ. ಅದರ ಬಾಯಿ ನೇರವಾಗಿ ಸಸಿಯ ನೆತ್ತಿಗೆ.

ಮಾಲಕರು ನನ್ನನ್ನು ಕಂಡದ್ದೇ ಗಾಬರಿಯಿಂದ ಓಡಿ ಬಂದರು. “ಸಾಹೇಬ್ರ, ಮೂರೂ ಹೊತ್ತು ತಪ್ಪದ ಹಾಕೇನಿ. ಮೊದಲೆರಡು ದಿನ ಚಲೋ ತಿಂತ್ರಿ. ಈಗ ಅಜೀರ್ಣ ಆದಂಗ ಕಾಣತೈತಿ.”

ಕೊಳವೆಯನ್ನು ಮೇಲಕ್ಕೆ ತಿರುಗಿಸಿ ಹೊಸ ಸಸಿ ಹಚ್ಚಿದೆವು. ಈ ಸಸಿಗೆ ಅವರು ಹೊಗೆ ಹಾಕಲಿಲ್ಲ. ಗ್ಲಾಸು ತೊಳೆದ ನೀರು ಹಾಕಿದರು, ಬಾಗಿದಾಗ ಕೋಲು ಕೊಟ್ಟರು. ಗಿಡ ಬೆಳೆದು ಬೋರ್ಡು ಪೂರಾ ಮುಚ್ಚಿತು. ಗಿರಾಕಿಗಳು ಎಲೆ ನೋಡಿಯೇ ಬರತೊಡಗಿದರು. ನೆರಳಿಗೆ ಕೂಡಲು ಕಟ್ಟಿಗೆಯ ಬಾಕು ಹಾಕಿ, ಗಿರಾಕಿಗಳಿಗೆ ಅವರು ಹೇಳುತ್ತಿದ್ದರು: “ಕುಂತ್ಕೊಳ್ರಿ, ಇದು ಪಥ್ಯದ ಮ್ಯಾಲ ಬೆಳದ ಗಿಡ.”

ಉಸಿರಿನ ಪಾಳಿ

ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬಿನ ಹಂಗಾಮು ಸುರುವಾದರೆ ರಸ್ತೆ ತುಂಬ ಟ್ರ್ಯಾಕ್ಟರು. ರಸ್ತೆಗೆ ಹತ್ತಿಯೇ ಒಂದು ಸಾಲಿ. ಹೊಗೆ, ಧೂಳು ಎಲ್ಲ ವರ್ಗದ ಕೋಣೆಯೊಳಗೆ. ಕಂಪೌಂಡಿನ ಗುಂಟ ಗಿಡ ಹಚ್ಚಲು ಹೆಡ್‌ಮಾಸ್ತರರು ತಾವೇ ಕರೆಸಿದರು. ಹಚ್ಚಿದ ಮೇಲೆ ಮಕ್ಕಳಿಗೆ ನಾಲ್ಕು ಮಾತು ಹೇಳಲು ಹೇಳಿದರು. ನಾನು, “ನಾವು ಬಿಡುವ ಉಸಿರನ್ನ ಗಿಡ ತಗೋತೈತಿ, ಗಿಡ ಬಿಡೂದನ್ನ ನಾವು ತಗೋತೇವಿ,” ಎಂದು ಸರಳವಾಗಿ ಹೇಳಿ ಬಂದೆ.

ಮುಂದಿನ ವಾರ ಮುಂಜಾನೆ ಅದೇ ದಾರಿಯಲ್ಲಿ ಹೊರಟವನು ಒಳಗೆ ಇಣುಕಿದೆ. ಪ್ರಾರ್ಥನೆ ಮುಗಿದಿತ್ತು. ಒಂದೊಂದು ಸಸಿಯ ಸುತ್ತ ಒಂದೊಂದು ವರ್ಗದ ಮಕ್ಕಳು ಬಗ್ಗಿ ನಿಂತು, ಗಲ್ಲ ಉಬ್ಬಿಸಿ, ಎಲೆಗಳ ಮೇಲೆ ಹೂ ಹೂ ಎಂದು ಉಸಿರು ಬಿಡುತ್ತಿದ್ದರು. ಹೆಡ್‌ಮಾಸ್ತರರು ಕೈಯಲ್ಲಿ ಗಡಿಯಾರ ಹಿಡಿದು ನಡುವೆ ನಿಂತಿದ್ದರು.

ನಗು ತಡೆದುಕೊಂಡು, “ಇಷ್ಟೆಲ್ಲಾ ಬೇಕಿಲ್ಲ ಸರ್, ಅದು ತಾನಾಗೇ ಗಾಳ್ಯಾಗಿಂದ ತಗೋತೈತಿ,” ಎಂದೆ.

“ನನಗ ಗೊತ್ತೈತ್ರಿ,” ಎಂದು ಅವರು ಮೆಲ್ಲಗೆ ಹೇಳಿದರು. “ಆದ್ರ ದಿನಾ ಮುಂಜಾನೆ ಒಂದು ಸಸಿ ಮುಂದ ಐದು ಮಿನಿಟ್ ನಿಂತ ಹುಡುಗರು ಅದನ್ನ ಮುರಿಯೂದಿಲ್ಲ.”

ಆ ಮಾತಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಮೂವತ್ತು ತರಬೇತಿಗಳಲ್ಲಿ ಕಲಿಯದ್ದನ್ನು ಅಲ್ಲಿ ಕಲಿತೆ. ಅಷ್ಟರಲ್ಲಿ ಅವರು ಗಡಿಯಾರ ಜೇಬಿಗೆ ಹಾಕಿ ಗಟ್ಟಿಯಾಗಿ ಕೂಗಿದರು: “ನಾಕನೇ ವರ್ಗ, ಹಲ್ಲು ತಿಕ್ಕದವರು ಹಿಂದ ನಿಂದರ್ರಿ! ನಿನ್ನಿ ಎರಡು ಎಲಿ ಉದುರ್ಯಾವು!”

ಇಂಗಾಲದ ಲೆಕ್ಕ

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ನಾನು ಮತ್ತೆ ಬೈಲಹೊಂಗಲದಲ್ಲಿದ್ದೆ. ಮೇಲಿನ ಕಚೇರಿಯಿಂದ ಒಂದು ನಮೂನೆ ಬಂತು. ಊರೊಳಗಿನ ಗಿಡಗಳು ಎಷ್ಟು ಇಂಗಾಲ ಹಿಡಿದಿಟ್ಟಿವೆ ಎಂದು ಲೆಕ್ಕ ಹಾಕಬೇಕಂತೆ. ಅದಕ್ಕಾಗಿ ಪ್ರತಿ ಗಿಡದ ಸುತ್ತಳತೆ ತೆಗೆದುಕೊಂಡು, ಬೊಡ್ಡೆಯ ಮೇಲೆ ಬಣ್ಣದಿಂದ ನಂಬರು ಬರೆಯಬೇಕು.

ಮುಂಜಾನೆ ಟೇಪು, ಹಳದಿ ಬಣ್ಣದ ಡಬ್ಬಿ, ಬ್ರಶ್ಶು ಹಿಡಿದು ಒಂದು ಓಣಿಗೆ ಹೋದೆ. ಮನೆಯೊಂದರ ಮುಂದಿನ ದೊಡ್ಡ ಬೇವಿನ ಗಿಡಕ್ಕೆ ಟೇಪು ಸುತ್ತಿದೆ. ತೊಂಬತ್ತೆಂಟು ಸೆಂಟಿಮೀಟರ್. ಬರೆದುಕೊಂಡು, ಗಿಡದ ಮೇಲೆ ದೊಡ್ಡದಾಗಿ ‘೧’ ಎಂದು ಬರೆದೆ. ಒಳಗಿಂದ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ಬಂದಳು. ನಂಬರು ನೋಡಿದಳು.

“ನಂಬರ ಹಾಕಿದ್ರ ಮರುದಿನ ಕಡೀತಾರ! ದೊಡ್ಡ ರಸ್ತಾದಾಗ ಹುಣಸಿ ಗಿಡಕ್ಕ ಹಿಂಗ ಮಾಡಿದ್ರು!” ಎಂದು ಚೀರಿ ಓಡಿಬಂದು ಗಿಡವನ್ನು ಗಟ್ಟಿಯಾಗಿ ತಬ್ಬಿಕೊಂಡಳು.

“ಯವ್ವಾ, ಬಣ್ಣ ಹಸಿ ಐತ್ರಿ!” ಎಂದೆ. ತಡವಾಗಿತ್ತು. ಬಿಡಿಸಿಕೊಂಡು ತಿರುಗಿದಾಗ ಅವಳ ಸೀರೆಯ ಮೇಲೂ ಹಳದಿ ಅಂಕಿ ಗುಂಡಗೆ ಮೂಡಿತ್ತು. ಅವಳು ಅದನ್ನು ನೋಡಿಕೊಂಡು, “ಈಗ ನನಗೂ ನಂಬರ ಬಿತ್ತು. ಕಡಿಯೂದಿದ್ರ ಇಬ್ಬರನ್ನೂ ಕಡೀರಿ!” ಎಂದಳು.

ಓಣಿಗೆ ಓಣಿಯೇ ಸೇರಿತು. ಗುಂಪಿನಲ್ಲಿ ನಿವೃತ್ತ ಮಾಸ್ತರರೊಬ್ಬರನ್ನು ಕಂಡು ನನಗೆ ಹೋದ ಜೀವ ಬಂತು. ಓದಿದವರು, ತಿಳಿಸಿ ಹೇಳಿಯಾರು.

“ಕಡಿಯಾಕ ಬಂದಿಲ್ಲರಿ,” ಎಂದೆ ಎಲ್ಲರಿಗೂ ಕೇಳುವಂತೆ. “ಈ ಗಿಡದಾಗ ಎಷ್ಟು ಇಂಗಾಲ ಐತಿ ಅಂತ ನೋಡಾಕ ಬಂದೇನಿ.”

“ಇಂಗಾಲಂದ್ರ ಏನ್ರಿ ಮಾಸ್ತರ?” ಎಂದು ಅಜ್ಜಿ ಕೇಳಿದಳು.

ಮಾಸ್ತರರು ಮೂಗಿನ ಮೇಲಿನ ಚಾಳೀಸು ಸರಿಪಡಿಸಿಕೊಂಡು, ಪಾಠ ಮಾಡುವ ದನಿಯಲ್ಲಿ, “ಇಂಗಾಲ ಅಂದ್ರ ಇದ್ದಲಿ. ಪುಸ್ತಕದಾಗ ಐತಿ,” ಎಂದರು.

ಅಜ್ಜಿ ಓಣಿಯವರ ಕಡೆ ತಿರುಗಿ ಹೇಳಿದಳು: “ಕಡಿಯಾಕ ಬಂದಾರ ಅಂತ ನಾ ತಿಳದಿದ್ದೆ. ಇವರು ಸುಡಾಕ ಬಂದಾರ!”

ಮುಗಿಯಿತು. ಟೇಪು, ಡಬ್ಬಿ, ಬ್ರಶ್ಶು ಜಪ್ತಾದವು. ನನ್ನನ್ನು ಗಿಡದ ಕಟ್ಟೆಯ ಮೇಲೆ ಕೂಡಿಸಿದರು. ಚಹಾ ಕೊಟ್ಟರು, “ಕುಡೀರಿ, ಆದ್ರ ಏಳಬ್ಯಾಡ್ರಿ,” ಎಂದರು. ಮಾಸ್ತರರು ಹೇಳಿದಂತೆ ನಾನು ಕಾಗದದಲ್ಲಿ ಬರೆದುಕೊಟ್ಟೆ: ಈ ಬೇವಿನ ಗಿಡವನ್ನು ನಾನು ಕಡಿಯುವುದಿಲ್ಲ, ಸುಡುವುದಿಲ್ಲ, ಇದ್ದಲಿ ಮಾಡುವುದಿಲ್ಲ. ಸಹಿ ಮಾಡುವಾಗ ತಡೆಯಲಾಗಲಿಲ್ಲ. “ಯವ್ವಾ, ಈ ಗಿಡ ಹಚ್ಚಿದಾಂವನ ನಾನು,” ಎಂದೆ.

“ಸುಳ್ಳ ಹೇಳಬ್ಯಾಡ್ರಿ. ಇದನ್ನ ಹಚ್ಚಿದಾಂವ ಸಣಕಲ ಇದ್ದ. ತಲಿ ತುಂಬ ಕೂದಲಿದ್ದೂ.”

“ಗುಂಡಿ ತೋಡುವಾಗ ಕಲ್ಲು ಹತ್ತಿ ಸಲಿಕಿ ಮುರೀತು. ನೀವು ಒಳಗಿಂದ ಕಬ್ಬಿಣದ ಹಾರಿ ತಂದುಕೊಟ್ಟ್ರಿ. ಆಮ್ಯಾಲ ಒಂದು ತಂಬಿಗಿ ಮಜ್ಜಿಗಿ ಕೊಟ್ಟು, ‘ಹಚ್ಚಿ ಹೋಗವರು ಭಾಳ, ನೀರು ಹಾಕಾಕ ಯಾರು ಬರತಾರು?’ ಅಂತ ಬೈದ್ರಿ.”

ಅಜ್ಜಿ ಹತ್ತಿರ ಬಂದು ನನ್ನ ಮುಖ ನೋಡಿದಳು. “ಯಾರೂ ಬರಲಿಲ್ಲ,” ಎಂದಳು. “ನಾನ ಹಾಕಿದೆ ತಮ್ಮಾ. ಹದಿಮೂರು ವರ್ಷ ಹಾಕಿದೆ.”

ಬಗ್ಗಿ ಅವಳ ಕಾಲು ಮುಟ್ಟಿದೆ. ನನ್ನ ವಿರುದ್ಧ ಅಷ್ಟು ಜನ ನಿಂತದ್ದು ನಾನು ಹಚ್ಚಿದ ಗಿಡದ ಸಲುವಾಗಿ. ನೌಕರಿಯಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ನನಗೆ ಸಿಕ್ಕಿಲ್ಲ.

ಆದರೆ ಅಜ್ಜಿಯ ಸಂಶಯ ಪೂರ್ತಿ ಹೋಗಿರಲಿಲ್ಲ. “ಗಿಡದ ಅಳತಿ ಎಷ್ಟು ಬಂತು?” ಎಂದಳು.

“ತೊಂಬತ್ತೆಂಟು.”

ಟೇಪು ತೆಗೆದುಕೊಂಡು ಅವಳು ನನ್ನ ಹೊಟ್ಟೆಯ ಸುತ್ತ ತಂದಳು. ಮಾಸ್ತರರು ಬಗ್ಗಿ ಓದಿದರು: “ನೂರಾ ನಾಕು.”

“ನೋಡ್ರಿ, ಗಿಡಕ್ಕಿಂತ ಇವನ ಹೆಚ್ಚು ಇಂಗಾಲ ಹಿಡದಾನ!” ಎಂದಳು ಅಜ್ಜಿ. “ಮಾಸ್ತರ, ಇವಗೂ ಒಂದು ನಂಬರ ಹಾಕ್ರಿ.”

ಓಣಿಯೆಲ್ಲ ನಗುವಾಗ ಮಾಸ್ತರರು ಬ್ರಶ್ಶು ಅದ್ದಿ, ಕಪ್ಪು ಹಲಗೆಯ ಮೇಲೆ ಬರೆದಷ್ಟೇ ದುಂಡಗೆ ನನ್ನ ಅಂಗಿಯ ಮೇಲೆ ‘೨’ ಎಂದು ಬರೆದರು. ಪಕ್ಕದ ಮನೆಯ ಗಿಡಕ್ಕೆ ನಾನು ಮೂರು ಎಂದೇ ಬರೆಯಬೇಕಾಯಿತು. ಕಚೇರಿಗೆ ಹೋದ ನಮೂನೆಯಲ್ಲೂ ಒಂದರ ನಂತರ ಮೂರೇ ಇದೆ. ಎರಡನೆಯ ಗಿಡ ಎಲ್ಲಿ ಹೋಯಿತೆಂದು ಇದುವರೆಗೆ ಯಾರೂ ಕೇಳಿಲ್ಲ.