ಅತ್ತಿಯ ಬಸ್ಸು, ಶಿವದಾರದ ಫ್ಯಾನು

ನಮ್ಮ ಅತ್ತಿ ಅಂದರೆ ಅಪ್ಪನ ತಂಗಿ. ಆಕೆಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ. ಸೈಕಲ್ ತುಳಿಯುವುದಕ್ಕೂ ಬರುವುದಿಲ್ಲ. ಆದರೂ ದಿನಾ ಸಂಜೆ ಆಳಂದದ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಬಸ್ ಓಡಿಸುತ್ತಾಳೆ! ಇಲ್ಲಿಯವರೆಗೆ ಎಷ್ಟು ಲೈಟಿನ ಕಂಬ ಕೆಡವಿದ್ದಾಳೋ, ಎಷ್ಟು ಕಾರುಗಳನ್ನು ಕಾಲುವೆಗೆ ತಳ್ಳಿದ್ದಾಳೋ ಆಕೆಗೇ ನೆನಪಿಲ್ಲ. ಪೊಲೀಸರು ಮಾತ್ರ ಒಮ್ಮೆಯೂ ಬಾಗಿಲು ಬಡಿದಿಲ್ಲ. ಹೇಗೆ ಬಡಿದಾರು? ಆ ಬಸ್ಸು ಓಡುವುದು ಕಂಪ್ಯೂಟರಿನೊಳಗೆ.

ಈ ಅಪರಾಧದಲ್ಲಿ ನನ್ನದೂ ಪಾಲಿದೆ. ಜೇವರ್ಗಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ ವಿಡಿಯೋಗಳ ಕೆಲಸಕ್ಕೆ ಹೊಸ ಕಂಪ್ಯೂಟರ್ ತಂದಾಗ, ಹಳೆಯದನ್ನು ಅತ್ತಿಯ ಕೈಗೆ ಕೊಟ್ಟೆ. ವಚನ ಕೇಳಲಿ, ಅಡುಗೆ ವಿಡಿಯೋ ನೋಡಲಿ ಎಂಬ ಸದುದ್ದೇಶ ನನ್ನದು. ಆಕೆ ಅದರಲ್ಲಿದ್ದ ಬಸ್ಸಿನ ಆಟವನ್ನೇ ಹುಡುಕಿ ತೆಗೆದಳು. ಅಂದಿನಿಂದ ಆ ಪೆಟ್ಟಿಗೆ ಕೆಮ್ಮಿದರೂ ಫೋನು ನನಗೇ. ಹೆಣ್ಣು ಕೊಟ್ಟ ಬೀಗರಿಗೂ ಇಷ್ಟು ದೂರು ಹೋಗಲಿಕ್ಕಿಲ್ಲ!

ಬಸ್ಸೇ ಯಾಕೆ ಅಂತೀರಾ? ಅತ್ತಿಯ ಗಂಡ, ಅಂದರೆ ನಮ್ಮ ಮಾಮಾ, ಬಸ್ ಡ್ರೈವರ್ ಆಗಿದ್ದವರು. ಆಳಂದ, ಅಫಜಲಪುರ, ಜೇವರ್ಗಿ ರಸ್ತೆಗಳ ಒಂದೊಂದು ತಗ್ಗೂ ಅವರಿಗೆ ಬಳಗದಷ್ಟೇ ಪರಿಚಯ. ರಿಟೈರಾದ ಮೇಲೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತೆಗೆದುಕೊಂಡಿತು. ಕಣ್ಣಿನ ಬೆನ್ನಿಗೆ ಮಾತೂ ಹೋಯಿತು. ಗೋಡೆಗೆ ಮುಖ ಮಾಡಿ ಕೂತವರು ಕೂತೇ ಬಿಟ್ಟರು. ಒಂದು ಸಂಜೆ ಅತ್ತಿ ಆಟ ಚಾಲೂ ಮಾಡಿ ಗೇರ್ ಬೀಳದೆ ಒದ್ದಾಡುತ್ತಿದ್ದಾಗ ಗೋಡೆಯ ಕಡೆಯಿಂದ ಗರ್ಜನೆ ಕೇಳಿತು.

"ಕ್ಲಚ್ ಒತ್ತ ಬೇ! ಗೇರ್ ಬಾಕ್ಸ್ ಏನ್ ನಿಮ್ಮಪ್ಪ ಕೊಡ್ಸ್ಯಾನೇನು?"

ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು. ತವರನ್ನು ಬೈಸಿಕೊಂಡು ಅಷ್ಟು ಖುಷಿಪಟ್ಟ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಮಾರನೆಯ ದಿನದಿಂದ ಆಕೆಯ ಪಕ್ಕದಲ್ಲಿ ಮಾಮಾಗೆ ಖಾಯಂ ಕುರ್ಚಿ. ಅವರು ಎಂಜಿನ್ನಿನ ಆವಾಜು ಕೇಳಿ ಗೇರ್ ಹೇಳಬೇಕು, ಇವಳು ಹಾಕಬೇಕು.

"ಜರಾ ಸಾವಕಾಶ ಹೊಡಿ. ಹಿಂದ ಬಸುರಿ ಹೆಂಗಸ್ರು ಕುಂತಿರ್ತಾರ."

"ಈ ಬಸ್ಸಿನಾಗ ಬರೇ ಫಾರಿನ್ನವ್ರು ಅದಾರ್ರಿ."

"ಯಾಕ, ಫಾರಿನ್ನವ್ರು ಬಸರಾಗಂಗಿಲ್ಲೇನು?"

ಹೀಗೆ ಸಂಸಾರ ಸುಖವಾಗಿ ಸಾಗಿತ್ತು. ಈ ಬೇಸಿಗೆಯಲ್ಲಿ ಪೆಟ್ಟಿಗೆಯೊಳಗಿಂದ ಕರಕರ ಸದ್ದು ಶುರುವಾಯಿತು. ಪರದೆಯ ಮೇಲೆ ಚಿತ್ರ ಮೂಡಿಸುವುದಕ್ಕೆ ಒಳಗೊಂದು ಗ್ರಾಫಿಕ್ಸ್ ಕಾರ್ಡ್ ಇರುತ್ತದೆ. ಅದು ಕಾಯದಂತೆ ಗಾಳಿ ಹಾಕಲು ಅದರ ಬೆನ್ನಿಗೊಂದು ಪುಟ್ಟ ಫ್ಯಾನು. ಆ ಫ್ಯಾನಿಗೆ ವಯಸ್ಸಾಗಿತ್ತು. ಓಣಿಯ ಹಿಟ್ಟಿನ ಗಿರಣಿಯವನು, ತನಗೆ ಪೈಪೋಟಿಗೆ ಯಾರು ಬಂದರು ಅಂತ ಒಳಗೆ ಇಣುಕಿ ಹೋದನಂತೆ! ಮಾಮಾ ಕಿವಿಗೊಟ್ಟು ಕೇಳಿ, "ಫ್ಯಾನ್ ಬೆಲ್ಟ್ ಸಡ್ಲಾಗ್ಯಾದ" ಎಂದು ತೀರ್ಪು ಕೊಟ್ಟರು. ಡ್ರೈವರ್ ಹೇಳಿದ ಮೇಲೆ ಮುಗಿಯಿತಲ್ಲ? ಅತ್ತಿ ಪೆಟ್ಟಿಗೆ ಬಿಚ್ಚಿ ಅರ್ಧ ದಿನ ಬೆಲ್ಟ್ ಹುಡುಕಿ, ಕೊನೆಗೆ ನನಗೆ ಫೋನ್ ಮಾಡಿದಳು.

"ಬೆಲ್ಟ್ ಇಲ್ಲದ ಗಾಡಿ ಕೊಟ್ಟು ಮೋಸ ಮಾಡಿದೆಲ್ಲೋ ಲೇ!"

ಕಂಪ್ಯೂಟರಿಗೆ ಬೆಲ್ಟ್ ಇರುವುದಿಲ್ಲ ಎಂದು ನಾನು ಹೇಳಿದ್ದನ್ನು ಆಕೆ ನಂಬಲಿಲ್ಲ. ತಿರುಗುವ ಸಾಮಾನಿಗೆಲ್ಲ ಒಂದೇ ಔಷಧ ಎಂದು ಫ್ಯಾನಿನ ನಡುವೆ ಶೇಂಗಾ ಎಣ್ಣೆ ಬಿಟ್ಟಳು. ಒಂದೆರಡು ದಿನ ಸದ್ದೇ ಇಲ್ಲ! ಆಮೇಲೆ ಎಣ್ಣೆ ಕಾದು, ಬಸ್ಸು ಹೊರಟಾಗಲೆಲ್ಲ ಪಡಸಾಲೆಯ ತುಂಬ ಭಜಿ ಕರಿದ ವಾಸನೆ. ಬಾಜೂ ಮನೆಯವರು, "ಯಾರರೆ ಬೀಗರು ಬಂದಾರೇನ್ರಿ?" ಅಂತ ಕೇಳಿಕೊಂಡು ಬಂದರು. ಎಣ್ಣೆಗೆ ಬೇಸಿಗೆಯ ಧೂಳು ಮೆತ್ತಿ ಹೂರಣದಂತೆ ಗಟ್ಟಿಯಾಯಿತು, ಸದ್ದು ಮೊದಲಿಗಿಂತ ಜಾಸ್ತಿಯಾಯಿತು.

ಆ ಗದ್ದಲದಲ್ಲಿ ಬಸ್ಸಿನ ಎಂಜಿನ್ನು ಕೇಳದಾಯಿತು. ಮಾಮಾ ಒಂದು ಸಂಜೆ, "ಏನೂ ಕೇಳಸವಲ್ದು" ಎಂದವರೇ ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಮರುದಿನ ಅತ್ತಿ ಎಷ್ಟು ಕರೆದರೂ ಈ ಕಡೆ ಹೊರಳಲಿಲ್ಲ.

"ತಮ್ಮಾ, ಅವ್ರು ಮತ್ತ ಮಾತು ಬಂದ್ ಮಾಡ್ಯಾರಪಾ" ಎಂದು ಆಕೆ ಫೋನಿನಲ್ಲಿ ಹೇಳಿದಾಗ ನನಗೆ ನಗು ಬರಲಿಲ್ಲ.

ಕಾರ್ಡನ್ನು ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ಸುತ್ತಿಕೊಂಡು ಅತ್ತಿ ಕಲಬುರಗಿಗೇ ಬಂದಳು. ನಾನೂ ಅಲ್ಲಿ ಜೊತೆಯಾದೆ. ಕಂಪ್ಯೂಟರ್ ಅಂಗಡಿಯವನು ಕಾರ್ಡನ್ನು ತಿರುವಿ ನೋಡಿ, "ಇದು ಭಾಳ ಹಳೇದು ಅದರಿ ಅಮ್ಮಾರ. ಇದರ ಫ್ಯಾನ್ ಬರಂಗಿಲ್ಲ. ಕಾರ್ಡೇ ಹೊಸಾದು ತಗೊಂಬಿಡ್ರಿ" ಎಂದ.

"ಚಪ್ಪಲಿ ಹರದ್ರ ಕಾಲೇ ಬ್ಯಾರೆ ಹಾಕ್ಕೋ ಅಂತಿಯಲ್ಲೋ ತಮ್ಮಾ! ಹಿಂಗಾದ್ರ ನಿನ್ನ ಅಂಗಡಿಗಿ ಯಾರ್ ಬರ್ತಾರ?"

ಅಂಗಡಿಯ ತುಂಬ ಗಿರಾಕಿಗಳಿದ್ದರು. ಅವನು ತೆಪ್ಪಗೆ ಒಳಗೆ ಹೋಗಿ, ಹೆಚ್ಚು ಕಡಿಮೆ ಅದೇ ಅಳತೆಯ ಬೇರೊಂದು ಫ್ಯಾನು, ಜೊತೆಗೆ ಕಾವು ತಗ್ಗಲೆಂದು ಕಾರ್ಡಿನ ಚಿಪ್ಪಿಗೆ ಹಚ್ಚುವ ಬಿಳಿ ಪೇಸ್ಟು ತಂದುಕೊಟ್ಟ.

ಭಾನುವಾರ ಆಳಂದಕ್ಕೆ ಹೋಗಿ ಕೆಲಸಕ್ಕೆ ಕೂತೆ. ಕಾರ್ಡಿನ ಹಿಂದಿನ ಸ್ಕ್ರೂ ತೆಗೆದು, ಫ್ಯಾನು ಕೂತಿದ್ದ ಲೋಹದ ತಟ್ಟೆ ಎತ್ತಿದರೆ ಚಿಪ್ಪಿನ ಮೇಲೆ ಬೆಳ್ಳಗೆ ಏನೋ ದಪ್ಪಗೆ ಬಳಿದಿದೆ!

"ಏನಿದು ಅತ್ತಿ?"

"ವಿಭೂತಿ. ನಾ ಬಿಚ್ಚಿದಾಗ ಅಲ್ಲಿ ಬಿಳೀದು ಏನೋ ಒಣಗಿ ಉದುರಾಕತ್ತಿತ್ತು. ನೀರಾಗ ಕಲಸಿ ಹಚ್ಚೇನಿ. ನಮ್ಮ ಹಣಿ ತಂಪ ಇಡ್ತದ, ಅದರ ಹಣಿ ತಂಪ ಇಡಂಗಿಲ್ಲೇನು?"

ನಾನು ಭಕ್ತಿಯಿಂದಲೇ ಒರೆಸಿ ತೆಗೆದು, ತೊಗರಿ ಕಾಳಿನಷ್ಟು ಪೇಸ್ಟ್ ಇಟ್ಟೆ. "ಇಷ್ಟೇನಾ? ಜಿಪುಣರ ಮನ್ಯಾಗೂ ಹೋಳಿಗಿಗಿ ಇದಕ್ಕಿಂತ ಹೆಚ್ಚು ತುಪ್ಪ ಹಾಕ್ತಾರ" ಎಂದು ಅತ್ತಿ ಮೂಗು ಮುರಿದಳು.

ಫ್ಯಾನಿನ ತೂತಿಗೂ ಕಾರ್ಡಿನ ತೂತಿಗೂ ತಾಳೆಯಾಗಲಿಲ್ಲ. ಪೇಟೆಯಿಂದ ಪ್ಲಾಸ್ಟಿಕ್ ಪಟ್ಟಿ ತರುತ್ತೇನೆಂದು ನಾನು ಎದ್ದೆ. ಅಷ್ಟರಲ್ಲಿ ಅತ್ತಿ ದೇವರ ಮನೆಯಿಂದ ಶಿವದಾರದ ಉಂಡೆಯನ್ನೇ ಹಿಡಿದುಕೊಂಡು ಬಂದಳು. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಹುರಿ ಅದು, ಆಕೆಯೇ ಹೊಸೆದದ್ದು. ಫ್ಯಾನನ್ನು ನಾಲ್ಕೂ ಮೂಲೆಗೆ ಬಿಗಿದು, ಗಂಟು ಹಾಕಿ, ಹಲ್ಲಿನಿಂದ ತುದಿ ಕಡಿದಳು.

"ವಿಭೂತಿ ಆತು, ಶಿವದಾರ ಆತು. ಅಯ್ಯನೋರ್ನ ಕರೆಸಿ ದೀಕ್ಷಾನೂ ಕೊಡಿಸಿಬಿಡು" ಎಂದೆ.

"ನಗಬ್ಯಾಡ. ನಾ ಹೊಸೆದ ಹುರಿ ಹರದದ್ದು ಯಾರರೆ ಕಂಡಾರೇನು?"

ಕಾರ್ಡನ್ನು ಒಳಗೆ ಕೂಡಿಸಿ ಸ್ವಿಚ್ ಹಾಕಿದೆ. ಸದ್ದೇ ಇಲ್ಲ! ಫ್ಯಾನು ತಿರುಗುತ್ತಲೇ ಇಲ್ಲವೆಂದು ಅತ್ತಿ ಗಾಬರಿಯಾದಳು. ಪೆಟ್ಟಿಗೆಯೊಳಗೆ ಕೈಯೊಡ್ಡಿ, ತಣ್ಣಗೆ ಗಾಳಿ ತಾಗಿದ ಮೇಲೆಯೇ ಆಕೆಗೆ ಸಮಾಧಾನ. ಬಸ್ಸು ಚಾಲೂ ಆಯಿತು. ಎಂಜಿನ್ನು ಗುರುಗುಟ್ಟಿತು. ಇಬ್ಬರೂ ಗೋಡೆಯ ಕಡೆ ನೋಡಿದೆವು. ಮಾಮಾ ಅಲುಗಲಿಲ್ಲ.

ಅತ್ತಿ ಬೇಕೆಂದೇ ಗೇರ್ ತಪ್ಪು ಹಾಕಿದಳು. ಬಸ್ಸು ಕಿರಗುಟ್ಟಿತು. ಮತ್ತೊಮ್ಮೆ ತಪ್ಪು ಹಾಕಿದಳು. ಮಾಮಾ ಎದ್ದರು. ಅತ್ತಿ ಬೈಗುಳಕ್ಕಾಗಿ ಕಾದಳು. ಅವರು ಬೈಯಲಿಲ್ಲ. ಗೋಡೆ ಸವರಿಕೊಂಡು ಬಂದು, ಮೇಜು ತಡವಿ, "ಆ ಕಡಿ ಸರಿ ಬೇ. ಇವತ್ತು ನಾ ಹೊಡೀತೇನಿ" ಎಂದರು.

ಅತ್ತಿ ಅವರ ಬೆರಳುಗಳನ್ನು ಒಂದೊಂದಾಗಿ ಕೀಬೋರ್ಡಿನ ಕೀಲಿಗಳ ಮೇಲಿಟ್ಟಳು. ಬಸ್ಸು ಹೊರಟಿತು. ಸ್ವಲ್ಪ ದೂರ ರಸ್ತೆಯ ಮೇಲೆ ಓಡಿ, ತಿರುವಿನಲ್ಲಿ ತಿರುಗದೆ ಸೀದಾ ಹೊಲಕ್ಕಿಳಿಯಿತು! ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿ ಸುಮ್ಮನಿರೆಂದು ಕಣ್ಣು ಬಿಟ್ಟಳು.

"ರೋಡ್ ಹೆಂಗದ?" ಮಾಮಾ ಕೇಳಿದರು.

"ಸೀದಾ ಅದರಿ. ಬರಾಬರ್ ಹೊಂಟೀರಿ."

ಮಾಮಾ ತಲೆ ಓರೆ ಮಾಡಿ ಕೇಳಿಸಿಕೊಂಡರು. "ಸುಳ್ಳ್ಯಾಕ ಹೇಳ್ತಿ? ಮಣ್ಣಾಗ ಹೊಂಟೇವಿ. ಗಾಲಿ ಆವಾಜ ಕೇಳಸಾಕತ್ತದ."

"ಖರೇನ ಕೇಳಸಾಕತ್ತದೇನ್ರಿ?"

"ಹೂಂ. ಎಲ್ಲಾ ಕೇಳಸಾಕತ್ತದ."

ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡಳು.

"ಹಂಗಾರ ಎಡಕ್ಕ ಹೊಳ್ಳಸ್ರಿ. ರೋಡ್ ಅಲ್ಲೇ ಅದ. ನಾ ನೋಡಾಕತ್ತೇನಿ."