ಬಿಲ್ವದ ಗಿಡಕ್ಕೆ ಎರಡು ಶಿಫ್ಟು

ನಾನು ಮಾತು ಕಡಿಮೆ ಆಡುವವಳು. ಬಾಯಿ ಮುಚ್ಚಿಕೊಂಡಿದ್ದರೆ ಫಜೀತಿಗಳು ತಪ್ಪುತ್ತವೆ ಎಂದು ಬಹಳ ದಿನ ನಂಬಿದ್ದೆ. ಆದರೆ ನಮ್ಮ ಮನೆಯಲ್ಲಿ ಗಿಡಕ್ಕೊಂದು ದೀಪ ಕಟ್ಟಿದರೂ ಸಾಕು, ಏನಾದರೊಂದು ಆಗಿಯೇ ಆಗುತ್ತದೆ.

ದೀಪ ಕಟ್ಟಿದ್ದು ಆಯಿಯ ಸಲುವಾಗಿ. ಆಯಿ ಎಂದರೆ ಅಪ್ಪನ ತಾಯಿ. ಮೊಣಕಾಲು ತೋರಿಸಲೆಂದು ಚಿಗಳ್ಳಿಯ ಕಾಕಾನ ಮನೆಯಿಂದ ದಾಂಡೇಲಿಗೆ ಬಂದಳು, ಬರುವಾಗ ಡಬ್ಬಿಯಲ್ಲಿ ಒಂದು ಬಿಲ್ವದ ಸಸಿ ತಂದಳು. ದಿನಾ ಲಿಂಗಪೂಜೆಗೆ ಆಕೆಗೆ ಪತ್ರಿ ಬೇಕು. ಇಲ್ಲಿ ಅದನ್ನು ಅಪ್ಪ ಮಂದಿಯ ಗಿಡದಿಂದ ತರಬೇಕು. "ಇದು ಇಲ್ಲಿ ಚಿಗತರ ನಾನೂ ಇಲ್ಲೇ ಇರ್ತೇನಿ. ಇಲ್ಲಾಂದ್ರ ಚಿಗಳ್ಳಿ ಹಾದಿ ಹಿಡಿಯಾಕಿ" ಎಂದು ಬಂದ ದಿನವೇ ಹೇಳಿಬಿಟ್ಟಳು. ನಮ್ಮದು ಕೆಳಗಿನ ಮನೆ. ಕಿಟಕಿಯ ಎದುರಿಗೆ ಗೋಡೌನಿನ ಗೋಡೆ, ಮೇಲೆ ಮಳೆಗಾಲ. ಬಿಸಿಲು ಈ ಕಡೆ ಹಾಯುವುದೇ ಇಲ್ಲ. ಆಯಿ ವಾಪಸ್ ಹೋಗುವುದು ನನಗೆ ಬೇಡವಾಗಿತ್ತು. ಮನಸ್ಸಿನಲ್ಲಿ ಮೊದಲೇ ಜೋಡಿಸಿಕೊಳ್ಳದೆ ನಾನು ಮಾತಾಡುವುದು ಆಕೆಯೊಬ್ಬಳ ಹತ್ತಿರ. ಅದಕ್ಕೇ ಆನ್‌ಲೈನಿನಲ್ಲಿ ಗಿಡ ಬೆಳೆಸುವ ಎಲ್‌ಇಡಿ ದೀಪ ತರಿಸಿದೆ.

೧. ರೂಮು ಖಾಲಿ ಐತೇನ್ರಿ?

ಮೊದಲು ಬಂದ ದೀಪ ನೇರಳೆ ಬಣ್ಣದ್ದು. ಹಚ್ಚಿದರೆ ಕಿಟಕಿ, ಪರದೆ, ಚಹಾ ಕುಡಿಯುತ್ತಿದ್ದ ಅಪ್ಪನ ಮುಖ, ಎಲ್ಲವೂ ನೇರಳೆ. ಒಂದು ಸಂಜೆ ಬಾಗಿಲಿಗೆ ಕಾರು ಬಂದು ನಿಂತಿತು. ಹೊಳೆಗೆ ರಾಫ್ಟಿಂಗಿಗೆಂದು ಬಂದವರು, ಬಣ್ಣದ ದೀಪ ನೋಡಿ ನಿಲ್ಲಿಸಿದ್ದರು.

"ಹೋಮ್‌ಸ್ಟೇ ಇದ ಹೌದಲ್ರಿ? ರೂಮು ಖಾಲಿ ಐತೇನ್ರಿ?"

ಅಲ್ಲ ಎನ್ನುವುದು ಒಂದೇ ಮಾತು. ಅದೂ ನನ್ನ ಬಾಯಿಂದ ಹೊರಡಲಿಲ್ಲ. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದುಕೊಂಡು ಅವರು ಬ್ಯಾಗುಗಳನ್ನು ಹೊಸ್ತಿಲು ದಾಟಿಸಿಯೇ ಬಿಟ್ಟರು. ಅಷ್ಟರಲ್ಲಿ ಆಯಿ ಬಂದಳು.

"ಆ ಖೋಲಿಯೊಳಗ ಬಿಲ್ವದ ಗಿಡಾ ಐತ್ರಿ. ಜಳಕಾ ಮಾಡದ ಯಾರನ್ನೂ ಒಳಗ ಬಿಡೂದಿಲ್ಲ."

"ರೂಮು ಸಿಗದ ಜಳಕಾ ಎಲ್ಲಿ ಮಾಡೂಣ್ರಿ ಅಮ್ಮಾ?"

"ಅಷ್ಟ ದೂರದಿಂದ ಹೊಳಿಗಂತ ಬಂದೀರಿ. ಎಲ್ಲಿ ಅಂತ ನನ್ನ ಕೇಳ್ತೀರಲ್ಲ!"

೨. ಮೂರನೇ ಶಿಫ್ಟು

ನೇರಳೆಯೇ ಆಗಬೇಕೆಂದೇನಿಲ್ಲ, ಗಿಡಕ್ಕೆಂದೇ ಮಾಡಿದ ಬಿಳಿ ಬೆಳಕಿನಲ್ಲಿ ಬೇಕಾದ ಬಣ್ಣಗಳೆಲ್ಲ ಇರುತ್ತವೆ ಎಂದು ಆಮೇಲೆ ಓದಿದೆ. ಬಿಳಿಯದು ಬಂತು. ಫ್ಯಾನಿನ ಪಕ್ಕದ ಕೊಂಡಿಗೆ ಕಟ್ಟಿದೆ. ಅಲ್ಲಿಂದ ಬೆಳಕು ನಮಗೆ ಸಾಕಾಗುತ್ತಿತ್ತು, ಗಿಡಕ್ಕೆ ಸಾಲುತ್ತಿರಲಿಲ್ಲ. ಎಲೆ ಪೇಲವವಾಯಿತು. ದೀಪವನ್ನು ಸಸಿಯ ತಲೆಯ ಮೇಲೆ ಒಂದು ಗೇಣಿಗೆ ಇಳಿಸಿದೆ. ಇಳಿಸಿದವಳು ಆರಿಸುವುದನ್ನೇ ಬಿಟ್ಟೆ. ಹಗಲೂ ರಾತ್ರಿ ಉರಿದರೆ ಬೇಗ ಚಿಗುರುತ್ತದೆ ಎಂಬ ಆಸೆ. ಎಲೆಯ ಅಂಚು ಕಂದಾಗತೊಡಗಿತು.

ಅಪ್ಪ ಪೇಪರ್ ಮಿಲ್ಲಿನವನು. ಡ್ಯೂಟಿ ಮುಗಿಸಿ ಬಂದು ಕೇಳಿದ, "ಇದನ್ನ ಯಾವಾಗ ಆರಸ್ತಿ?"

"ಆರಸೂದಿಲ್ಲಪ್ಪಾ."

"ಮೂರೂ ಶಿಫ್ಟು? ಒಬ್ಬನ ಕಡೆಯಿಂದ? ಯೂನಿಯನ್‌ದಾವ್ರಿಗೆ ಗೊತ್ತಾದ್ರ ನಮ್ಮ ಬಾಗಲಕ್ಕ ಬಂದ ಕೂಡ್ತಾರ ನೋಡು!"

ಗಿಡಕ್ಕೂ ಕತ್ತಲೆ ಬೇಕು, ಆಗಲೇ ಅದಕ್ಕೆ ವಿಶ್ರಾಂತಿ ಎಂದು ನನಗೂ ಓದಿ ಗೊತ್ತಾಯಿತು. ಮೊದಲನೇ ಶಿಫ್ಟು, ಎರಡನೇ ಶಿಫ್ಟು ಬೆಳಕು. ಮೂರನೆಯದರಲ್ಲಿ ನಿದ್ದೆ ಎಂದು ಠರಾವಾಯಿತು. ಟೈಮರ್ ತರುತ್ತೇನೆ ಎಂದೆ. "ಮಿಲ್ಲಿನ ಭೋಂಗಾ ಊದತೈತಲ್ಲ, ಅದ್ಯಾಕ ಬೇಕು?" ಎಂದು ಆಯಿ ಆ ಕೆಲಸ ತಾನೇ ಹಿಡಿದಳು. ಭೋಂಗಾ ಎಂದರೆ ಶಿಫ್ಟು ಬದಲಾಗುವಾಗ ಮಿಲ್ಲು ಊದುವ ಸೈರನ್. ಬೆಳಗಿನ ಭೋಂಗಾಕ್ಕೆ ಹಚ್ಚುವುದು, ರಾತ್ರಿಯ ಭೋಂಗಾಕ್ಕೆ ಆರಿಸುವುದು.

ಒಂದು ದಿನ ಮಧ್ಯಾಹ್ನ ನೋಡಿದರೆ ಗಿಡ ಇನ್ನೂ ಕತ್ತಲಲ್ಲಿತ್ತು.

"ಆಯಿ, ದೀಪಾ?"

"ಭೋಂಗಾನ ಊದಿಲ್ಲಲ್ಲ. ಇವತ್ತ ಮಿಲ್ಲಿಗೆ ಸೂಟಿಯಂತ. ಅದೂ ಮಲ್ಕೊಳ್ಳಿ ಬಿಡು, ಪಾಪ."

೩. ಬಿಸಿಲಿನ ಗಿರಾಕಿ

ಮಳೆ ಹಿಡಿದದ್ದು ಬಿಡಲಿಲ್ಲ. ಓಣಿಯಲ್ಲಿ ಯಾರ ಮನೆಯ ಬಟ್ಟೆಯೂ ಒಣಗುತ್ತಿರಲಿಲ್ಲ. ನಾನು ಕೆಲಸದಿಂದ ಬಂದಾಗ ದೀಪದ ಕೆಳಗೆ ಒಂದು ತಾಟು ಹಸಿ ಸಂಡಿಗೆ, ಕುಂಡದ ಅಂಚಿಗೆ ಶಾಲೆಯ ಸಾಕ್ಸು. ಬಿಲ್ವ ಮೂಲೆಯಲ್ಲಿತ್ತು. ಪಕ್ಕದ ಮನೆಯ ವೈನಿ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು.

"ನಿಮ್ಮ ಮನ್ಯಾಗ ಬಿಸಲ ಐತಿ ಅಂತ ನಿಮ್ಮ ಆಯಿ ಅಂದ್ರು."

ಧೈರ್ಯ ಮಾಡಿ ಹೇಳಿದೆ. "ವೈನಿ, ಇದರಾಗ ಬೆಳಕ ಅಷ್ಟ ಬರ್ತೈತ್ರಿ. ಕಾವಿರೂದಿಲ್ಲ."

ಅವರು ದೀಪದ ಕೆಳಗೆ ಕೈ ಹಿಡಿದು, ಮಗುಚಿ, ಇನ್ನೊಂದು ಕೈಯನ್ನೂ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ಬಹಳ ಕನಿಕರದಿಂದ ನೋಡಿದರು.

"ಹೌದವ್ವಾ, ಒಂಚೂರೂ ಕಾವಿಲ್ಲ. ಮಾತಾಡದಾಕಿ ಅಂತ ಕೆಟ್ಟದ್ದನ್ನ ನಿನಗ ದಾಟಿಸ್ಯಾರ ನೋಡು. ವಾಪಸ್ ಕಳಸು."

೪. ಸೋಮವಾರದ ಚಿಗುರು

ದೀಪ ಸರಿ ಇತ್ತು, ಶಿಫ್ಟೂ ಸರಿ ಇತ್ತು. ಆದರೂ ಗಿಡ ಏರಲಿಲ್ಲ. ದಿನಾ ಸ್ಕೇಲು ಹಿಡಿದು ಅಳೆಯುತ್ತಿದ್ದೆ, ಎತ್ತರ ಇದ್ದಷ್ಟೇ. ಸೋಮವಾರ ಮಾತ್ರ ತುದಿಯಲ್ಲಿ ಏನೋ ಕೆಂಪಗೆ ಮೊಳೆತಂತೆ ಕಾಣುತ್ತಿತ್ತು. ಮಂಗಳವಾರ ಅದೂ ಇರುತ್ತಿರಲಿಲ್ಲ. ಹುಳುಗಳ ಬಗ್ಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದೆಲ್ಲ ಓದಿದೆ. ವಾರ ನೋಡಿ ತಿನ್ನುವ ಹುಳು ಯಾವ ಪುಟದಲ್ಲೂ ಸಿಗಲಿಲ್ಲ. ಬೇವಿನೆಣ್ಣೆ ಕಲಸಿದ ನೀರು ಸಿಂಪಡಿಸಿದೆ.

"ಆಯಿ, ಏನೋ ಬಂದು ಚಿಗುರ ತಿಂತೈತಿ."

"ಕೆಟ್ಟ ಹುಳಾ ಇರಲಿಕ್ಕಿಲ್ಲ ಬಿಡು" ಎಂದಳು, ಬತ್ತಿ ಹೊಸೆಯುತ್ತ.

ಶ್ರಾವಣಕ್ಕೆ ಮುಂಚೆ ಕಾಕಾ ಬಂದ. ಹಳಿಯಾಳದಲ್ಲಿ ಗೋವಿನಜೋಳ ಇಳಿಸಿ, ಖಾಲಿ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ್ದ.

"ಗಿಡಾ ಚಿಗತಿಲ್ಲಂತಲ್ಲ. ನಡಿ ಯವ್ವಾ, ಹೋಗೂಣು. ಅಲ್ಲಿ ಅಂಗಳದಾಗ ಮರಾನ ಐತಿ ನಿಂದು."

ನಮ್ಮವ್ವ ಆಯಿಯ ಸೀರೆಗಳನ್ನು ಮಡಚತೊಡಗಿದಳು. ನಾನು ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ಗಾಡಿಗೆ ಇಡಲೆಂದು ಕುಂಡ ಎತ್ತಿ ಪಡಸಾಲೆಗೆ ತಂದೆ.

ಅಲ್ಲಿ, ಮುಖಕ್ಕೆ ಹತ್ತಿರ ಹಿಡಿದಾಗ, ಕಂಡಿತು. ತುದಿಯಲ್ಲಿ ಮೂರೆಲೆಯ ಕೆಂಪು ಚಿಗುರು. ಕೆಳಗೆ ಸುತ್ತಲೂ ಸಣ್ಣ ಸಣ್ಣ ಟೊಂಗೆ. ಒಂದೊಂದು ಟೊಂಗೆಯ ಮೇಲೂ ಉಗುರಿನಿಂದ ಚಿವುಟಿದ ಗುರುತು. ನಾನು ಎತ್ತರ ಅಳೆಯುತ್ತ ಕೂತಿದ್ದೆ, ಗಿಡ ಅಗಲಕ್ಕೆ ಬೆಳೆದಿತ್ತು. ಅವತ್ತು ಸೋಮವಾರ.

ಮಾತು ತಾನಾಗಿಯೇ ಹೊರಟಿತು. "ಆಯಿ, ಸೋಮವಾರ ಬಿಲ್ವಪತ್ರಿ ಹರಿಯಬಾರದಲ್ಲಾ?"

ಎಲ್ಲರೂ ಆಯಿಯ ಕಡೆ ತಿರುಗಿದರು.

"ಹರಿಯಬಾರದು. ಅದಕ್ಕ ಉಳದೈತಿ."

"ಮತ್ತ ಉಳದ ದಿನಾ?"

"ಉಳದ ದಿನಾ ಪೂಜಿ ಬ್ಯಾಡೇನ? ನಿಮ್ಮಪ್ಪ ತರೂ ಪತ್ರಿ ಎಷ್ಟ ಇದ್ರೂ ಮಂದಿ ಗಿಡದ್ದು. ನಂದು ಅಂತ ಒಂದರ ಏರಸಬೇಕಲ್ಲ. ಅದಕ್ಕ ನೀ ಬೇವಿನೆಣ್ಣಿ ಬ್ಯಾರೆ ಹೊಡದಿ. ಶಿವಗ ಕಹಿ ಹತ್ತೀತಂತ ತೊಳದ ತೊಳದ ಕೈ ಸೋತು."

"ಚಿಗತದ್ದ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಹರಿಯಾಕ ಬಿಡ್ತಿದ್ದೇನ ನೀ?"

ಅವ್ವ ಮಡಚಿದ ಸೀರೆಯನ್ನು ಮತ್ತೆ ಬಿಚ್ಚಿದಳು. ಕಾಕಾನ ಕೈಯಲ್ಲಿ ಗಾಡಿಯ ಚಾವಿ ಹಾಗೇ ಇತ್ತು.

"ಹಂಗಾದ್ರ ನೀ ಬರೂದಿಲ್ಲೇನ ಯವ್ವಾ?"

ಅಷ್ಟರಲ್ಲಿ ಮಿಲ್ಲಿನ ಮಧ್ಯಾಹ್ನದ ಭೋಂಗಾ ಊದಿತು. ಆಯಿ ನನ್ನ ಕೈಯಿಂದ ಕುಂಡ ಇಸಿದುಕೊಂಡು ಕುಂಟುತ್ತ ಹೋಗಿ ದೀಪದ ಕೆಳಗೆ ಇಟ್ಟು ಬಂದಳು.

"ಹೆಂಗ ಬರ್ಲೆಪ್ಪಾ? ಗಿಡಾ ಈಗ ಎರಡನೇ ಶಿಫ್ಟಿಗೆ ಹತ್ತೇತಿ. ಡ್ಯೂಟಿ ಮೇಲೆ ಇದ್ದಾವನ್ನ ಬಿಟ್ಟ ಸುಪರ್‌ವೈಜರ ಊರಿಗೆ ಹೊಕ್ಕಾನೇನ?"