ಮನಸ್ಸಿಲ್ಲವೆಂದ ಹುಲುಗಪ್ಪನ ಮೇಲ್ಮನವಿ ವಿಜಯ

ಭತ್ತವನ್ನು ಬೇಯಿಸಿ, ಅಕ್ಕಿಯನ್ನು ಅನ್ನವಾಗಿಸಿ, ಸಕಲ ಜೀವಕೋಟಿಯ ಹಸಿದ ಬಾಯಿಯನ್ನು ಮುಚ್ಚಿಸುವ ಓ ಬಿಸಿಯಾವಿಯೇ, ಮೊದಲ ನಮಸ್ಕಾರ ನಿನಗೆ. ಕಬ್ಬಿಣದ ಕೊಳವೆಗಳಲ್ಲಿ ಬುಸುಗುಟ್ಟುತ್ತ, ಸೀಟಿಯ ರಂಧ್ರದಲ್ಲಿ ಪಾಂಚಜನ್ಯವನ್ನೇ ನಾಚಿಸುತ್ತ, ಬಾಯ್ಲರುಗಳೇ ಊರನ್ನಾಳುತ್ತಿದ್ದ ಯುಗದಲ್ಲಿ, ತುಂಗಭದ್ರೆಯ ಕಾಲುವೆ ನೀರುಂಡು ಕೊಬ್ಬಿದ ಗಂಗಾವತಿ ಸೀಮೆಯ ಒಂದು ಅಕ್ಕಿ ಗಿರಣಿಯಲ್ಲಿ, ಜ್ವಾಲಾಮಾಲಾಪರಿವೇಷ್ಟಿತನೂ ಬಾಷ್ಪಮಂಡಲಮಧ್ಯವರ್ತಿಯೂ ತೌಡುಧೂಳಿಧೂಸರಿತಶ್ಮಶ್ರುವೂ ಆದ ಹುಲುಗಪ್ಪನೆಂಬ ವೀರನಿದ್ದನು. ತೌಡಿಗೂ ಧೂಳಿಗೂ ಅರಿಸಮಾಸವಾಯಿತೆಂದು ಪಂಡಿತರು ಮುಖ ಸಿಂಡರಿಸುವುದು ಬೇಡ. ಅವನ ಮೀಸೆಯ ಮೇಲೆ ಕೂತದ್ದೇ ತೌಡು, ನಾನೇನು ಮಾಡಲಿ?

ಒಂದು ದಿನ ಆವಿಯ ಕೊಳವೆ ಪ್ರಳಯಕಾಲದ ಸೀಟಿಯೂದುತ್ತ ಸಿಡಿಯಿತು. ವೀರನು ಅಟ್ಟಣಿಗೆಯಿಂದ ಹಾರಿ ಎಡಮೊಣಕಾಲು ಮುರಿದುಕೊಂಡನು. ಆ ಮೊಣಕಾಲಿಗೆ ಪರಿಹಾರ ಸಿಕ್ಕಿತು, ಅದರಲ್ಲಿ ಕಥೆಯಿಲ್ಲ. ಎಡಗಾಲನ್ನು ಕಾಪಾಡುತ್ತ ಕುಂಟಿ ಕುಂಟಿ, ಮೈಭಾರವನ್ನೆಲ್ಲ ಒಂಟಿಯಾಗಿ ಹೊತ್ತ ಬಲಸೊಂಟ ಹಿಡಿದುಕೊಂಡಿತಲ್ಲ, ಕಥೆ ಅಲ್ಲಿಂದ ಶುರು. ಸಾಲದ್ದಕ್ಕೆ, ಎಲ್ಲಿ ಸೀಟಿ ಕೇಳಿದರೂ ವೀರನ ಮೈ ಬೆವರಿ ಕೈ ನಡುಗತೊಡಗಿತು. ಎರಡೂ ಅದೇ ಅಪಘಾತದ ಮರಿಗಳೆಂದು ಹೆಂಡತಿ ದ್ಯಾಮವ್ವ ಹಟ ಹಿಡಿದು ಇನ್ನೊಂದು ಅರ್ಜಿ ಹಾಕಿಸಿದಳು.

ಗಿರಣಿಯವರು ಗೊತ್ತುಮಾಡಿದ ವೈದ್ಯರು ಪರೀಕ್ಷೆಗೆ ಕರೆದು, "ಬಾಯ್ಲರ್ ಹತ್ರ ಹೋಗೋಕೆ ಹೆದರಿಕೆ ಆಗುತ್ತಾ?" ಎಂದು ಕೇಳಿದರು. ಆಗ ನಮ್ಮ ವೀರನು ಮೀಸೆಯ ತುದಿಗಳನ್ನು ಗಗನಾಭಿಮುಖವಾಗಿಸಿ, "ಎಲೈ ಔಷಧಕೋವಿದನೇ, ಮದಗಜೋಪಮವಾದ ಬಾಯ್ಲರಿನ ಹೊಟ್ಟೆಗೆ ದಿನವೂ ಹೊಟ್ಟು ಉಣಿಸಿದ ಈ ಭುಜಗಳ ಸಮ್ಮುಖದಲ್ಲಿ ಭಯವೆಂಬ ಕ್ಷುದ್ರಪದವನ್ನು ಉಚ್ಚರಿಸುವೆಯಾ" ಎಂಬ ಅರ್ಥ ಬರುವಂತೆ ನುಡಿದನು. ಬಾಯಿಂದ ಹೊರಟದ್ದು ಇಷ್ಟೇ: "ಹೆದರಿಕಿ? ನನಗ? ಹೋಗಾಕ ಮನಸಿಲ್ಲ, ಅಷ್ಟ."

ಮನಸಿಲ್ಲ. ಆ ನಾಲ್ಕಕ್ಷರ ಮಾಡಿದ ಅನಾಹುತವನ್ನು ಏನೆಂದು ಹೇಳಲಿ. ಸೊಂಟನೋವು ವಯಸ್ಸಿನದು, ದುಡಿಯಲು ಇವನಿಗೆ ಮನಸ್ಸಿಲ್ಲ ಎಂದು ಅರ್ಜಿ ವಜಾ ಆಯಿತು. ದ್ಯಾಮವ್ವ ಸೆರಗು ಬಿಗಿದು ಮೇಲ್ಮನವಿ ಹಾಕಿಸಿದಳು. ಅದರಲ್ಲೂ ಸೋತರೆ ಹುಲುಗಪ್ಪ ಅದೇ ಬಾಯ್ಲರಿನ ಮುಂದೆ ನಿಲ್ಲಬೇಕು, ಇಲ್ಲವೇ ಕೆಲಸ ಬಿಡಬೇಕು.

ವಿಚಾರಣೆಯ ದಿನ ಬಂದಿತು. ಕರಕರ ಕೂಗುವ ಫ್ಯಾನಿನ ರಣವಾದ್ಯದ ಕೆಳಗೆ, ನ್ಯಾಯಪೀಠಾಲಂಕೃತೆಯಾಗಿ ಮೇಲ್ಮನವಿ ಅಧಿಕಾರಿ ಸರೋಜಾ ಕಟ್ಟೀಮನಿಯವರು ಕುಳಿತಿರಲು, ಗಿರಣಿಯ ಪಕ್ಷದ ವಾಗ್ಬಾಣತೂಣೀರಧಾರಿ ವಕೀಲ ಶಶಿಧರ ಅಂಗಡಿಯವರು ಕರಿಕೋಟು ಕೊಡವಿ ಎದ್ದರು. "ಮೇಡಂ, ಮನಸ್ಸಿಲ್ಲ ಅಂತ ಇವರ ಹೇಳ್ಯಾರ. ಇಲ್ಲದ ಮನಸ್ಸಿಗೆ ಗಾಯ ಹೆಂಗಾಗ್ತದ?" ಗುಮಾಸ್ತರು ನಕ್ಕರು. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ.

ಮೊದಲು ಸೊಂಟದ ಯುದ್ಧ. ಸರಕಾರಿ ಕಚೇರಿಯನ್ನು ಗುಡಿಯೆಂದೇ ಬಗೆದ ನಮ್ಮ ವೀರನು ಚಪ್ಪಲಿಗಳನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದಿದ್ದನು. ಮಧ್ಯಾಹ್ನದ ಬಿಡುವಿನಲ್ಲಿ ಊಟ ಮುಗಿಸಿ ಬರುತ್ತಿದ್ದ ಅಧಿಕಾರಿ ಅವನ್ನೇ ಎಡವಿ, ಯಾರವೆಂದು ವಿಚಾರಿಸಿ, ಬಗ್ಗಿ ನೋಡಿದರು. ಎಡದ್ದು ಈಗಷ್ಟೇ ಅಂಗಡಿಯಿಂದ ತಂದಂತಿತ್ತು. ಬಲದ್ದರ ಹಿಮ್ಮಡಿ ಸವೆದು ತೂತಾಗಿ ನೆಲ ಕಾಣುತ್ತಿತ್ತು. "ವಕೀಲರ, ಇವರಿಗೆ ವಯಸ್ಸು ಬರೇ ಬಲಗಾಲಿಗೆ ಆಗ್ಯದೇನ್ರಿ?" ಎಂದರು. ಸೊಂಟ ಗೆದ್ದಿತು.

"ಈಗ ಮನಸಿನ ಮಾತು," ಎಂದು ಅಧಿಕಾರಿ ವೀರನತ್ತ ತಿರುಗಿದರು. "ಹುಲುಗಪ್ಪ, ಖರೇ ಹೇಳ್ರಿ. ಹೆದರಿಕಿ ಆಗ್ತದೇನು?"

ಒಂದು 'ಹೌದು' ಸಾಕಾಗಿತ್ತು. ಆದರೆ ತುಂಬಿದ ಸಭೆಯಲ್ಲಿ, ಗಿರಣಿಯ ಮ್ಯಾನೇಜರರ ಎದುರಿನಲ್ಲಿ, ಅದೂ ಕೈಹಿಡಿದವಳ ಪಕ್ಕದಲ್ಲಿ, ಭೂಮಂಡಲದ ಯಾವ ವೀರನ ಬಾಯಿಂದ ತಾನೇ ಆ ಮಾತು ಹೊರಟೀತು? ಮೀಸೆ ಮೇಲೇರಿತು. "ಹುಲಿಗೆಮ್ಮ ದೇವಿ ಹೆಸರು ಇಟ್ಕೊಂಡಾಂವ ನಾನು. ಹೆದರೂದು ನಮ್ಮ ವಂಶದಾಗ ಇಲ್ರಿ."

ಅಯ್ಯೋ ಪುಣ್ಯಾತ್ಮ, ಗೆಲ್ಲುವ ಯುದ್ಧವನ್ನು ಕೈಯಾರೆ ಕೆಡಿಸಿಕೊಂಡೆಯಲ್ಲ. ವಕೀಲರು ಕಡತ ಕಟ್ಟಿ ಹೊರಡುವ ಸನ್ನಾಹ ಮಾಡಿದರು.

ಆಗ ದ್ಯಾಮವ್ವ ಎದ್ದಳು. ಗರ್ಜನೆಯಿಲ್ಲ, ಶಪಥವಿಲ್ಲ. "ಮೇಡಂ, ವರ್ಷ ಆತು, ನಾನು ಬೋಗಾಣ್ಯಾಗ ಅನ್ನ ಬಸಿಯಾಕ ಹತ್ತಿ. ಕುಕ್ಕರ್ ಸೀಟಿ ಹೊಡದ್ರ ಇವರು ಉಣ್ಣೂದು ಬಿಟ್ಟು ಹಿತ್ತಲಕ ಓಡ್ತಿದ್ರು. ಕೇಳಿದ್ರ, ಗಿಡಕ್ಕ ನೀರು ಹಾಕಾಕ ಹೋಗಿದ್ದೆ ಅಂತಿದ್ರು. ನಮ್ಮ ಹಿತ್ತಲದಾಗ ಒಂದ್ ಗಿಡ ಇಲ್ರಿ."

ಹುಲುಗಪ್ಪ ಬೆರಗಾಗಿ ಹೆಂಡತಿಯತ್ತ ತಿರುಗಿದನು. "ಕುಕ್ಕರ್ ಕೆಟ್ಟೈತಿ ಅಂದಿದ್ದಿ?"

"ಕೆಟ್ಟಿಲ್ಲ. ಎತ್ತಿಟ್ಟೀನಿ."

ಇಡೀ ವರ್ಷ ಹೊಗೆಯಲ್ಲಿ ಕಣ್ಣುಜ್ಜುತ್ತ ಗಂಜಿ ಬಸಿದವಳು ಅವನಿಗೆ ಆಗ ಕಂಡಳು. ಮೀಸೆ ತಾನಾಗಿ ಇಳಿಯಿತು, ಕಣ್ಣು ತುಂಬಿತು. "ಹೌದ್ರಿ ಮೇಡಂ. ಹೆದರಿಕಿ ಆಗ್ತೈತಿ. ಹಂಗ ಹೇಳಾಕ ಆಗಲಿಲ್ಲ, ಅದಕ್ಕ ಮನಸಿಲ್ಲ ಅಂದೆ." ಈ ಸಲ ಯಾರೂ ನಗಲಿಲ್ಲ. ವಕೀಲರೂ ತಲೆ ತಗ್ಗಿಸಿದರು, ನಾನೂ ತಗ್ಗಿಸಿದೆ.

ಅಧಿಕಾರಿ ತೀರ್ಪು ಹೇಳಿ ಬರೆಸತೊಡಗಿದರು. ಸೊಂಟದ ಚಿಕಿತ್ಸೆ, ಮನಸ್ಸಿನ ಚಿಕಿತ್ಸೆ ಎರಡೂ ಗಿರಣಿಯ ಹೊಣೆ. ಕೆಲಸ ಇನ್ನು ಬಾಯ್ಲರಿನಿಂದ ದೂರ, ಚೀಲ ಹೊಲಿಯುವ ಕಡೆ. ಟೈಪಿಸ್ಟನ ಬೆರಳು 'ಹೆದರಿಕೆ' ಎಂಬ ಪದಕ್ಕೆ ಬರುತ್ತಲೇ, ಉಭಯಗಾಯವಿಜಯಿಯಾದ ನಮ್ಮ ವೀರನು ಮೆಲ್ಲಗೆ ಮೇಜಿನತ್ತ ಬಾಗಿದನು.

"ಮೇಡಂ, ಸ್ವಲ್ಪ ಹೆದರಿಕಿ ಅಂತ ಹಾಕ್ರಿ. ನಾಕ್ ಮಂದಿ ಓದತಾರ."

"ಸ್ವಲ್ಪ ಅಂತ ಬರದ್ರ, ಸ್ವಲ್ಪ ದಿನ ಬಿಟ್ಟು ಮತ್ತ ಬಾಯ್ಲರ್ ಮುಂದ ನಿಂದರಸ್ತಾರ ನೋಡ್ರಿ."

ಹುಲುಗಪ್ಪ ಮ್ಯಾನೇಜರರ ಮುಖ ನೋಡಿದನು, ದ್ಯಾಮವ್ವನ ಮುಖ ನೋಡಿದನು. ಆಮೇಲೆ ಎದೆ ಸೆಟೆಸಿ, ಸಭೆಯ ಮೂಲೆಮೂಲೆಗೂ ಕೇಳುವಂತೆ ಅಂದನು:

"ಹಂಗಾದ್ರ ಪೂರಾ ಅಂತ ಬರೀರಿ. ಪೂರಾ ಹೆದರಿಕಿ."